ಎಂಟುನೂರು ಬೈ ಆರುನೂರು

ಗುಬ್ಬಿ,
೧೪-೧೦-೨೦೦೦

ಆತ್ಮೀಯ ಅಜ್ಮತುಲ್ಲಾ ಭಾಯಿಗೆ,

ಗುಬ್ಬಿಯಿಂದ ಅಡವಿಯಪ್ಪನ ದೊಡ್ಡ ಸಲಾಮು. ನಿನ್ನ ಕಾಗದಗಳೆಲ್ಲ ತಲುಪಿವೆ. ಉತ್ತರ ಬರೆಯದೆ ಕುಳಿತವನ ಮೇಲೆ ಕೋಪ ಬೇಡ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಮೊದಲ ಸಾಲಿನಲ್ಲೇ ಬರೆಯುವುದು ರೂಢಿಯಲ್ಲವೇ? ಆ ಸಾಲಿನವರೆಗೆ ಬಂದು ಎಷ್ಟೋ ಸಲ ಪೆನ್ನಿಗೆ ಮುಚ್ಚಳ ಹಾಕಿ ಎದ್ದಿದ್ದೇನೆ. ಈ ಸಲ ಆ ಸಾಲನ್ನು ಬಿಟ್ಟೇ ಶುರುಮಾಡಿದ್ದೇನೆ.

ಚಿತ್ರದುರ್ಗದಲ್ಲಿ ಮೊಮ್ಮಗಳು ಅಸ್ಫಿಯಾ ಕಂಪ್ಯೂಟರಿನಲ್ಲಿ ನನ್ನ ಸೈಟ್ ತೆಗೆದರೆ ಬರೀ ಬಿಳಿ ಪುಟ ಬರುತ್ತದೆ, ನಮ್ಮ ನಾಟಕ ಕಂಪನಿಗೆ ನೀನು ಬರೆದ ಅರಮನೆ ಪರದೆ ಅದರಿಂದ ಎಲ್ಲಿ ಮಾಯವಾಯಿತು ಎಂದು ಕೇಳಿದ್ದೀಯ. ಮಗನಿಗೆ ಫೋನ್ ಮಾಡಿದರೆ, ‘ಅಬ್ಬಾ, ಅದು ಚಾಚಾ ಬಾಯಿಂದ್ಲೇ ಕೇಳ್ಬೇಕು’ ಎಂದು ಇಟ್ಟುಬಿಟ್ಟನಂತೆ. ನಿನ್ನ ಅಫ್ತಾಬ್ ಮರ್ಯಾದಸ್ಥ. ಕಣ್ಣಾರೆ ಕಂಡವನು, ಆದರೂ ಆಡಲಿಲ್ಲ. ಆಡಬೇಕಾದವನು ನಾನು. ಹಾಗಾದರೆ ಕೇಳು ಮಿತ್ರಾ! ಗಂಟೆ ಹೊಡೆಯಲಿ, ಪರದೆ ಏಳಲಿ!

ನಾನು ಬರೆದ ನಾಟಕಗಳ ಗತಿ ನಿನಗೆ ಗೊತ್ತೇ ಇದೆ. ಕಂಪನಿ ಮುಚ್ಚಿದ ಮೇಲೆ ಹಳ್ಳಿ ಹಳ್ಳಿಗೆ ಹೋಗಿ ಡ್ರಾಮಾ ಮೇಷ್ಟ್ರಾಗಿ ಗೌಡರ ಮಕ್ಕಳಿಗೆ ಗದೆ ಹಿಡಿಯುವುದನ್ನು ಕಲಿಸಿದೆ. ನನ್ನ ‘ಮಣಿಮಂಜರಿ ಸ್ವಯಂವರ’ವನ್ನು ಮಾತ್ರ ಯಾರೂ ಆಡಲಿಲ್ಲ, ಯಾರೂ ಅಚ್ಚು ಹಾಕಲಿಲ್ಲ. ಹೋದ ವರ್ಷ ಪಲ್ಲವಿ ತುಮಕೂರಿನಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದಳಲ್ಲ, ಒಂದು ದಿನ ರೊಟ್ಟಿ ತಟ್ಟುತ್ತಾ ಅಂದಳು: ‘ಅಪ್ಪಾ, ಅಚ್ಚಿನವರ ಕಾಲು ಯಾಕೆ ಹಿಡೀತೀಯ? ಇಂಟರ್ನೆಟ್‌ನಲ್ಲಿ ನಾವೇ ಟೆಂಟ್ ಹಾಕೋಣ. ಕಂಟ್ರಾಕ್ಟರ್ ಇಲ್ಲ, ಲೈಸೆನ್ಸ್ ಇಲ್ಲ, ಮಳೆ ಬಂದ್ರೆ ಶೋ ನಿಲ್ಲಲ್ಲ.’

ಅಹಹಾ! ಆ ಮಾತು ಕೇಳಿ ನನ್ನ ಮೈಯೆಲ್ಲ ರೋಮಾಂಚನ! ಮರುದಿನವೇ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಿನ್ನ ಮಗನ ಸೈಬರ್ ಕೆಫೆಗೆ ದಾಳಿ. ನಾನು ಹಿಂದೆ ಕುರ್ಚಿಯಲ್ಲಿ, ಮಗಳು ಮುಂದೆ. ಅವಳು ನೋಟ್‌ಪ್ಯಾಡ್ ಎನ್ನುವುದರಲ್ಲಿ ಬಾಣದ ತುದಿಯಂಥ ಗುರುತುಗಳನ್ನು ಸಾಲುಸಾಲಾಗಿ ಹೊಡೆಯುತ್ತಾಳೆ, ಉಳಿಸುತ್ತಾಳೆ, ಇನ್ನೊಂದು ಕಡೆ ಒತ್ತುತ್ತಾಳೆ, ಆ ಬಾಣಗಳೆಲ್ಲ ರಂಗಸ್ಥಳವಾಗಿ ಎದ್ದು ನಿಲ್ಲುತ್ತವೆ! ಒಂದು ಬಾಣ ಮರೆತರೆ ಇಡೀ ಪುಟ ಕುಸಿದು ಬೀಳುತ್ತದೆ. ಆಗ ನಾನು ‘ಅಯ್ಯೋ ವಿಧಿಯೇ’ ಎನ್ನುತ್ತೇನೆ, ಅವಳು ನಗುತ್ತಾ ಹುಡುಕಿ ಸರಿಮಾಡುತ್ತಾಳೆ. ಕನ್ನಡದ ಅಕ್ಷರ ಬೇರೆಯವರ ಯಂತ್ರದಲ್ಲಿ ಕಾಗೆ ಕಾಲು ಗುಬ್ಬಿ ಕಾಲಾಗುತ್ತದೆ ಎಂದು ನನ್ನ ನಾಟಕದ ಹಾಡು-ಪದಗಳನ್ನೆಲ್ಲ ತನ್ನ ಕೈಯಲ್ಲೇ ದುಂಡಗೆ ಬರೆದು, ಚಿತ್ರ ತೆಗೆಸಿ ಹಾಕಿದಳು. ಹಿಂದೆ ನಿನ್ನ ಅರಮನೆ ಪರದೆ, ಮುಂದೆ ಕಿರೀಟ ತೊಟ್ಟ ನಾನು, ಮೇಲ್ಗಡೆ ‘ಕಲಾಭಿಮಾನಿಗಳಿಗೆ ಸುಸ್ವಾಗತ’ ಎಂಬ ಸಾಲು ಬಲದಿಂದ ಎಡಕ್ಕೆ ತೇಲುತ್ತಾ ಹೋಗುತ್ತದೆ. ಇನ್ನೂ ಮುಗಿಯದ ಪುಟಗಳಲ್ಲಿ ಗುದ್ದಲಿ ಹಿಡಿದು ಅಗೆಯುವ ಒಬ್ಬ ಪುಟಾಣಿ ಮನುಷ್ಯ. ‘ಕೆಲಸ ನಡೀತಿದೆ ಅಂತ ಅರ್ಥ ಕಣಪ್ಪಾ’ ಎಂದಳು.

ಜಾಗ ಕೊಟ್ಟವರು ಅಮೆರಿಕದ ಯಾವುದೋ ಕಂಪನಿ. ಪುಕ್ಕಟೆ. ಅವರ ಪದ್ಧತಿ ಚೆಂದ: ಯಾರು ಯಾವ ಕಲೆಯವರೋ ಅವರಿಗೆ ಆ ಹೆಸರಿನ ಬೀದಿಯಲ್ಲಿ ಒಂದು ನಂಬರ್. ನಮಗೆ ನಾಟಕದವರ ಬೀದಿ ಸಿಕ್ಕಿತು. ಫಾರಂ ತುಂಬಿದವಳು ಪಲ್ಲವಿ, ಹಾಗಾಗಿ ಎಲ್ಲವೂ ಅವಳ ಹೆಸರಿನಲ್ಲಿ. ವೆಬ್‌ಸೈಟ್ ಎನ್ನುವುದು ನನ್ನ ಬಾಯಿಗೆ ಉದ್ದವಾಯಿತು. ವೆಬ್ ಎನ್ನುವ ತಲೆಯನ್ನು ಹಾರಿಸಿ, ಉಳಿದ ಮುಂಡವನ್ನೇ ಹೊತ್ತುಕೊಂಡು ಊರೆಲ್ಲ ಸಾರಿದೆ: ‘ನಂದೊಂದು ಸೈಟ್ ಆಯ್ತು ಕಣ್ರಯ್ಯಾ, ತುಮಕೂರಲ್ಲಿ!’ ಸಂತೆಯಲ್ಲಿ ಸಾರಿದೆ, ನಿಟ್ಟೂರಿನ ತಾಲೀಮಿನಲ್ಲಿ ಸಾರಿದೆ. ಎಲ್ಲರೂ ಕಣ್ಣರಳಿಸಿದರು. ಈ ಸೀಮೆಯ ಜನಕ್ಕೆ ಕಲೆಯ ಮೇಲೆ ಇಷ್ಟು ಗೌರವ ಯಾವಾಗ ಬಂತು ಎಂದು ನಾನು ಹಿಗ್ಗಿದೆ.

ಆಮೇಲೆ ಕುಣಿಗಲ್‌ನಿಂದ ಹೆಣ್ಣು ನೋಡಲು ಬಂದರು. ರೇಣುಕಯ್ಯನವರದು ಅಲ್ಲಿ ಸಿಮೆಂಟು, ಕಬ್ಬಿಣ, ಪೈಪಿನ ಅಂಗಡಿ. ಹೆಂಡತಿ ಸಿದ್ದಗಂಗಮ್ಮ. ಒಬ್ಬನೇ ಮಗ ಬಸವರಾಜ್, ಅಂಗಡಿಯಲ್ಲೇ ಕೂರುವವನು. ನನ್ನಾಕೆ ಒಳಗೆ ಕೇಸರಿಬಾತು ತಿರುವುತ್ತಿದ್ದಾಳೆ, ಪಲ್ಲವಿ ಸೀರೆ ನೆರಿಗೆ ಹಿಡಿಯುತ್ತಿದ್ದಾಳೆ. ನಡುಮನೆಯಲ್ಲಿ ನಾನೊಬ್ಬನೇ. ರೇಣುಕಯ್ಯ ಗಂಟಲು ಸರಿಮಾಡಿಕೊಂಡರು.

‘ಮೇಷ್ಟ್ರೇ, ತುಮಕೂರಲ್ಲಿ ಏನೋ ಸೈಟ್ ಮಾಡಿದೀರಂತೆ?’

‘ಮಾಡಿದೀವಿ ಸ್ವಾಮಿ! ಕುಣಿಗಲ್‌ವರೆಗೂ ಬಂತೇ ಸುದ್ದಿ?’

‘ಬರ್ದೆ ಇರ್ತದಾ? ಕೊಂಡಿದ್ದೋ, ಅಲಾಟ್ ಆಗಿದ್ದೋ?’

‘ಕೊಳ್ಳೋದೇನ್ ಬಂತು. ಕಂಪ್ನಿಯೋರು ಪುಕ್ಕಟೆ ಕೊಟ್ರು.’

‘ಪುಕ್ಕಟೆ!’ ಸಿದ್ದಗಂಗಮ್ಮ ಕಾಫಿ ಲೋಟ ಕೆಳಗಿಟ್ಟರು. ‘ಯಾವ ಕಂಪ್ನಿಯಪ್ಪಾ ಅದು?’

‘ಅಮೆರಿಕದ್ದು ತಾಯಿ. ಕಲಾವಿದ ಅಂದ್ರೆ ಸಾಕು ಅವ್ರಿಗೆ.’

‘ಯಾರ್ ಹೆಸರಲ್ಲೈತೆ?’ ರೇಣುಕಯ್ಯ ಮುಂದಕ್ಕೆ ಬಾಗಿದರು.

‘ಪಲ್ಲವಿ ಹೆಸ್ರಲ್ಲೇ. ರಿಜಿಸ್ಟರ್ ಮಾಡ್ಸಿದ್ದೇ ಅವಳು.’

‘ರಸ್ತೆ ಗಿಸ್ತೆ?’

‘ನಾಟಕದೋರ ಬೀದಿ. ನಂಬರೂ ಬಿದ್ದದೆ. ಅಕ್ಕಪಕ್ಕ ಎಲ್ಲಾ ಫಾರಿನ್‌ನೋರು.’

‘ಕಟ್ಟಡ ಏನಾರ ಎದ್ದದೋ?’

‘ಮುಂದ್ಗಡೆ ಅರಮನೆ ಎದ್ದದೆ ಸ್ವಾಮಿ! ಒಳಗಡೆ ಇನ್ನೂ ಕೆಲ್ಸ ನಡೀತೈತೆ. ಬೋರ್ಡ್ ಹಾಕಿದೀವಿ.’

‘ನೋಡ್ದೇನೋ ಬಸ್ರಾಜ, ಮೇಷ್ಟ್ರು ಮನೇನ ಅರಮನೆ ಅಂತಾರೆ!’ ಎಲ್ಲರೂ ನಕ್ಕೆವು. ನಾನೇ ಜೋರಾಗಿ ನಕ್ಕೆ. ಆಮೇಲೆ ರೇಣುಕಯ್ಯ ದನಿ ತಗ್ಗಿಸಿ, ‘ಅಳತೆ ಎಷ್ಟು ಬೈ ಎಷ್ಟು?’ ಎಂದರು.

ನಮ್ಮ ಪುಟದ ಬುಡದಲ್ಲಿ ಪಲ್ಲವಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದಳು, ಕಂಪ್ಯೂಟರಿನ ಗಾಜನ್ನು ಇಂಥ ಅಳತೆಗೆ ಇಟ್ಟುಕೊಂಡು ನೋಡಿದರೆ ಚೆಂದ ಎಂದು. ಅದು ಗಾಜಿನ ಮೇಲಿನ ಚುಕ್ಕಿಗಳ ಲೆಕ್ಕವಂತೆ. ನನಗೆ ಬಾಯಿಪಾಠವಾಗಿತ್ತು. ಎದೆಯುಬ್ಬಿಸಿ ಹೇಳಿದೆ:

‘ಎಂಟುನೂರು ಬೈ ಆರುನೂರು!’

ಭಾಯಿ, ತುಮಕೂರಿನಲ್ಲಿ ಮೂವತ್ತು ಬೈ ನಲವತ್ತು ಅಡಿಯ ಸೈಟ್ ಇದ್ದವನು ಮೀಸೆ ತಿರುವುತ್ತಾನೆ. ರೇಣುಕಯ್ಯನವರ ತುಟಿಗಳು ಮೌನವಾಗಿ ಗುಣಿಸುತ್ತಿದ್ದವು. ಸಿದ್ದಗಂಗಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. ನಾನೋ, ಇವರೆಂಥ ರಸಿಕರು, ಚುಕ್ಕಿಯ ಲೆಕ್ಕವನ್ನೂ ಕೇಳುತ್ತಾರಲ್ಲ ಎಂದು ಕರಗಿಹೋಗಿದ್ದೆ. ಪಲ್ಲವಿ ತಟ್ಟೆ ಹಿಡಿದು ಹೊರಗೆ ಬರುವ ಮೊದಲೇ ಹುಡುಗಿ ಒಪ್ಪಿಗೆಯಾಗಿದ್ದಳು. ‘ನಮ್ದು ಬೇಡಿಕೆ ಅಂತ ಏನೂ ಇಲ್ಲ ಮೇಷ್ಟ್ರೇ,’ ಎಂದರು ರೇಣುಕಯ್ಯ. ‘ದೇವ್ರು ಕೊಟ್ಟಿದ್ದು ಹುಡ್ಗಿ ಹೆಸ್ರಲ್ಲೇ ಐತಲ್ಲ.’ ನಾನು ಅದನ್ನು ವಿದ್ಯೆ ಎಂದುಕೊಂಡು ಕೈಮುಗಿದೆ.

ಯಡಿಯೂರಿನಲ್ಲಿ ಮದುವೆ. ನೀನು ಮೊಣಕಾಲು ನೋವೆಂದು ಬರಲಿಲ್ಲ, ಒಳ್ಳೆಯದೇ ಆಯಿತು. ಬೀಗರು ನನ್ನನ್ನು ಕೂರಿಸಿದ ಕುರ್ಚಿ, ಹಾಕಿದ ಹಾರ, ಅದನ್ನೆಲ್ಲ ನೋಡಿದ್ದರೆ ಈಗ ನೆನೆದು ನಿನಗೂ ಸಂಕಟವಾಗುತ್ತಿತ್ತು. ನನ್ನನ್ನು ಜೀವಮಾನದಲ್ಲಿ ಅಷ್ಟು ಮೆರೆಸಿದವರಿಲ್ಲ. ಪಲ್ಲವಿಯ ಮುಖದಲ್ಲೂ ಕಳೆ ಇತ್ತು. ‘ಅಪ್ಪಾ, ಕುಣಿಗಲ್‌ನಲ್ಲೂ ಕಂಪ್ಯೂಟರ್ ಸೆಂಟರ್ ಬಂದದಂತೆ. ಉಳಿದ ಪದ ಅಲ್ಲಿಂದ್ಲೇ ಹಾಕ್ತೀನಿ’ ಎಂದು ನನ್ನ ಹೊಸ ಪದಗಳ ಹಾಳೆಯನ್ನು ಸೀರೆಗಳ ಮಧ್ಯೆ ಮಡಿಸಿಟ್ಟುಕೊಂಡಳು.

ವೈಶಾಖದಲ್ಲಿ ರೇಣುಕಯ್ಯ ಹೇಳಿಕಳಿಸಿದರು: ಒಳ್ಳೆಯ ದಿನ ಇದೆ, ಎಲ್ಲರೂ ಬರುತ್ತೇವೆ, ಸೈಟ್ ತೋರಿಸಿ. ಟೆಂಪೋ ಮಾಡಿಕೊಂಡು ಬಂದರು. ಜೊತೆಗೆ ಪೂಜೆಗೆ ಅಯ್ನೋರು, ತೆಂಗಿನಕಾಯಿ, ನಿಂಬೆಹಣ್ಣು, ಅರಿಶಿನ ಕುಂಕುಮ ಬಳಿದು ಹೂವು ಸುತ್ತಿದ ಒಂದು ಗುದ್ದಲಿ. ನನಗೆ ಒಂದು ಕ್ಷಣ ವಿಚಿತ್ರ ಅನ್ನಿಸಿತು. ಆಮೇಲೆ ನಮ್ಮವರು ಟೆಂಟಿನ ಕಂಬಕ್ಕೆ ಪೂಜೆ ಮಾಡುತ್ತಿರಲಿಲ್ಲವೇ, ಹಾರ್ಮೋನಿಯಂಗೆ ಊದುಬತ್ತಿ ಹಚ್ಚುತ್ತಿರಲಿಲ್ಲವೇ, ಕಬ್ಬಿಣದ ವ್ಯಾಪಾರಿ ತನ್ನ ಕಬ್ಬಿಣ ತಂದಿದ್ದಾನೆ, ಪುಟದಲ್ಲಿ ಅಗೆಯುವ ಪುಟಾಣಿಯ ವಿಷಯ ಪಲ್ಲವಿ ಹೇಳಿರಬೇಕು ಎಂದುಕೊಂಡೆ. ಕಣ್ಣು ತುಂಬಿ ಬಂತು. ಮೆರವಣಿಗೆಯಲ್ಲೇ ಅಫ್ತಾಬನ ಸೈಬರ್‌ಗೆ ಮೆಟ್ಟಿಲು ಹತ್ತಿಸಿದೆ.

‘ಇಲ್ಲಿ ಯಾರನ್ನಾರ ಕರ್ಕೋಬೇಕಾ?’ ಎಂದರು ರೇಣುಕಯ್ಯ.

‘ಯಾರೂ ಬೇಡ. ಕೂತ್ಕಳಿ ಬೀಗ್ರೇ.’

ಗೊತ್ತಲ್ಲ, ಆ ಫೋನ್ ಲೈನಿನಲ್ಲಿ ಚಿತ್ರ ಬರುವುದು ನಿಧಾನ. ಮೊದಲು ಕಿರೀಟದ ತುದಿ. ಆಮೇಲೆ ಹಣೆ. ಆಮೇಲೆ ಮೀಸೆ. ನಾನು ಮೆಲ್ಲಗೆ ನನ್ನದೇ ಪದವೊಂದನ್ನು ಗುನುಗುತ್ತಿದ್ದೆ.

‘ಸೈಟ್ ತೋರ್ಸಿ ಮೇಷ್ಟ್ರೇ, ರಾಹುಕಾಲ ಬತ್ತದೆ.’

‘ತೋರಿಸ್ತಾ ಇದೀನಲ್ಲ. ಇದೇ.’

‘ಇದು ಫೋಟೋ. ಜಾಗ ಎಲ್ಲಿ?’

‘ಇದೇ ಜಾಗ ಬೀಗ್ರೇ.’

ಮೊದಲು ಅರ್ಥವಾದದ್ದು ಬಸವರಾಜನಿಗೆ. ಅವನ ಮುಖದಿಂದ ಬಣ್ಣ ಇಳಿಯುವುದನ್ನು ನೋಡಿದೆ. ‘ಅಪ್ಪಾ, ಇದು ಕಂಪ್ಯೂಟರ್ ಸೈಟು. ನೆಲ ಅಲ್ಲ’ ಎಂದ. ಪಕ್ಕದ ಯಂತ್ರದಲ್ಲಿದ್ದ ಯಾವನೋ ಕಿಸಕ್ಕೆಂದ. ಅವನನ್ನು ನೋಡಿ ಇನ್ನೊಬ್ಬ. ಆಮೇಲೆ ಇಡೀ ಸೈಬರ್ ನಕ್ಕಿತು ಭಾಯಿ, ಗುದ್ದಲಿ ನೋಡಿ, ತೆಂಗಿನಕಾಯಿ ನೋಡಿ, ಅಯ್ನೋರನ್ನು ನೋಡಿ. ಅಫ್ತಾಬ್ ಒಬ್ಬನೇ ನಗದೆ, ‘ಏಯ್, ಸುಮ್ಕಿರ್ರೋ’ ಎಂದು ಗದರಿದ. ನಕ್ಕವರನ್ನು ಯಾರು ನಿಲ್ಲಿಸಿದ್ದಾರೆ?

ಸಿದ್ದಗಂಗಮ್ಮ ನನ್ನನ್ನು ನೋಡಲಿಲ್ಲ. ನಿಂಬೆಹಣ್ಣು ಹಿಡಿದು ನಿಂತಿದ್ದ ಪಲ್ಲವಿಯನ್ನು ನೋಡಿ, ‘ಗೊತ್ತಿತ್ತೇನೇ ನಿಂಗೆ?’ ಎಂದರು. ಪಲ್ಲವಿ ಇಲ್ಲವೆಂದು ತಲೆಯಾಡಿಸಿದಳು. ಹೆಣ್ಣು ನೋಡಿದ ದಿನ ಅವಳು ಒಳಗಿದ್ದಳಲ್ಲ. ನೆಲದ ಮಾತು ಅವಳ ಕನಸಿನಲ್ಲೂ ಇರಲಿಲ್ಲ.

ನಾನು ಆಗ ಒಂದು ಮಾತು ಆಡಿದೆ. ‘ಬೀಗ್ರೇ, ಅವತ್ತು ನಾನು ಹೇಳಿದ್ರಲ್ಲಿ ಒಂದೇ ಒಂದು ಮಾತು ಸುಳ್ಳಿದ್ರೆ ತೋರ್ಸಿ.’ ಅವರು ಒಂದೊಂದನ್ನೇ ನೆನೆದರು ಅಂತ ಕಾಣುತ್ತದೆ. ಕಂಪನಿ ನಿಜ, ಪುಕ್ಕಟೆ ನಿಜ, ಬೀದಿ ನಿಜ, ನಂಬರು ನಿಜ, ಅರಮನೆಯೂ ಎದುರಿಗೇ ನಿಂತಿದೆ. ಸುಳ್ಳು ಹೇಳಿದ್ದರೆ ಉಗಿದು ಹೋಗುತ್ತಿದ್ದರೇನೋ. ನಿಜ ಹೇಳಿ ಹೀಗೆ ಮಾಡಿದವನನ್ನು ಏನು ಮಾಡುವುದು? ರೇಣುಕಯ್ಯ ಹೂವು ಸುತ್ತಿದ ಗುದ್ದಲಿಯನ್ನು ಕೀಬೋರ್ಡಿನ ಮೇಲೆ ಮೆಲ್ಲಗೆ ಮಲಗಿಸಿದರು. ‘ನೀವೇ ಅಗೀರಿ ಮೇಷ್ಟ್ರೇ’ ಎಂದರು. ಸೊಸೆಯನ್ನು ಅದೇ ಟೆಂಪೋದಲ್ಲಿ ಹತ್ತಿಸಿಕೊಂಡು ಹೋದರು.

ಆಮೇಲೆ ನಾನು ಫೋನ್ ಮಾಡಿದಾಗಲೆಲ್ಲ ತೆಗೆಯುತ್ತಿದ್ದವರು ಸಿದ್ದಗಂಗಮ್ಮ. ‘ನಿಮ್ ಮಗ್ಳು ಸೈಟಲ್ಲವಳೆ, ಬರಕ್ಕಾಗಲ್ಲ.’ ಹಿಂದೆ ನಗು. ಯಾವುದೋ ಕಟ್ಟಡದ ಕೆಲಸಕ್ಕೆ, ಅಂಗಡಿಯ ವ್ಯವಹಾರಕ್ಕೆ ಕರೆದೊಯ್ಯುತ್ತಾರೆ, ಸದ್ಯ ಸಿಟ್ಟು ಇಳಿದಿದೆ, ಸೊಸೆಯನ್ನು ಕೆಲಸದಲ್ಲಿ ನಂಬುತ್ತಿದ್ದಾರೆ ಎಂದು ನನ್ನಾಕೆಗೆ ಹೇಳಿ ಸಮಾಧಾನ ಮಾಡುತ್ತಿದ್ದೆ.

ಶ್ರಾವಣದಲ್ಲಿ ಅಫ್ತಾಬ್ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ, ‘ಚಾಚಾ, ಸೈಟ್ ನೋಡಿದ್ರಾ?’ ಎಂದ. ದನಿ ಸರಿಯಿರಲಿಲ್ಲ. ತುಮಕೂರಿಗೆ ಓಡಿದೆ. ನಿನ್ನ ಅರಮನೆ ಇಲ್ಲ. ಕಿರೀಟವಿಲ್ಲ. ಪದಗಳಿಲ್ಲ. ಮಣಿಮಂಜರಿ ಇಲ್ಲ. ಬಿಳಿ ಪುಟದ ನಡುವೆ ದಪ್ಪ ಕೆಂಪು ಅಕ್ಷರ, ಬೇಲಿಗೆ ಕಟ್ಟುವ ಬೋರ್ಡಿನ ಹಾಗೆ: ‘ಈ ಸೈಟ್ ಮಾರಾಟಕ್ಕಿದೆ. ಎಂಟುನೂರು ಬೈ ಆರುನೂರು. ಸಂಪರ್ಕಿಸಿ, ಅಡವಿಯಪ್ಪ, ಗುಬ್ಬಿ.’ ಕೆಳಗೆ ನಮ್ಮ ಪಕ್ಕದ ಮನೆಯ ಫೋನ್ ನಂಬರ್. ಸೈಟಿನ ಬೀಗದ ಮಾತು, ಅಂದರೆ ಪಾಸ್‌ವರ್ಡು, ಅದನ್ನು ಬಸವರಾಜ ಪಲ್ಲವಿಯಿಂದ ಪಡೆದು ಮಾಡಿದ್ದ. ಎಷ್ಟು ಜನ ಫೋನ್ ಮಾಡಿದರು ಗೊತ್ತೇ? ‘ಏನ್ ಮೇಷ್ಟ್ರೇ, ಈಶಾನ್ಯ ಮೂಲೇಲಿ ಬೋರ್‌ವೆಲ್ ಬೀಳ್ತದಾ?’ ನಿಟ್ಟೂರಿನವರು ತಾಲೀಮಿಗೆ ಬೇರೆ ಮೇಷ್ಟ್ರನ್ನು ಕರೆಸಿಕೊಂಡರು. ನಾನು ರಾಜನ ಮಾತು ಹೇಳಿಕೊಟ್ಟರೆ ಹುಡುಗರು ನಗುತ್ತಾರಂತೆ. ಕೊನೆಗೆ ಆ ಬೋರ್ಡನ್ನೂ ಅವನೇ ತೆಗೆದ. ಅಸ್ಫಿಯಾ ನೋಡಿದ ಬಿಳಿ ಪುಟ ಅದೇ.

ಗೌರಿ ಹಬ್ಬಕ್ಕೆ ಮಗಳನ್ನು ಕರೆತರಲು ನಾವಿಬ್ಬರೂ ಹೋದೆವು. ನನ್ನಾಕೆಯ ಕೈಯಲ್ಲಿ ಬಾಗಿನದ ಮೊರ. ಸಿದ್ದಗಂಗಮ್ಮ ಬಾಗಿಲಲ್ಲೇ ನಕ್ಕರು. ‘ಬನ್ನಿ ಬೀಗ್ರೇ. ಮಗ್ಳು ಸೈಟಲ್ಲವಳೆ. ಹಿತ್ಲಿಗೆ ಹೋಗಿ, ಕಾಣ್ತಾಳೆ.’

ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿಗೂ ಕಬ್ಬಿಣದ ಸರಳುಗಳ ರಾಶಿಗೂ ನಡುವೆ, ಪಾಯ ತೆಗೆಯುವ ಮೊದಲು ಹಾಕುವಂಥ ಸುಣ್ಣದ ಗೆರೆ. ನಾಲ್ಕು ಮೂಲೆಗೂ ಗೂಟ, ಗೂಟಕ್ಕೆ ದಾರ. ಬಸವರಾಜ ಟೇಪು ಹಿಡಿದು ಅಳೆದು ಹಾಕಿದ್ದಂತೆ. ‘ಎಂಟುನೂರು ಬೈ ಆರುನೂರಕ್ಕೆ ಜಾಗ ಇಲ್ಲ, ಎಂಟು ಬೈ ಆರು ಸಾಕು’ ಅಂದಿದ್ದನಂತೆ. ಒಳಗೆ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ, ನನ್ನ ಮಗಳು. ಮನೆಗೆಲಸಕ್ಕೆ ಕರೆದಾಗ ಹೊರಗೆ, ಮುಗಿದ ಮೇಲೆ ಒಳಗೆ. ಊಟ ಅಲ್ಲೇ, ನಿದ್ದೆ ಅಲ್ಲೇ, ಶ್ರಾವಣದ ಜಡಿಮಳೆಯೂ ಅಲ್ಲೇ. ಸುಣ್ಣ ಮಳೆಗೆ ತೊಳೆದುಹೋದರೆ ಅವಳೇ ಮತ್ತೆ ಹಾಕಬೇಕಿತ್ತು.

ಅವಳಮ್ಮನ ಕೈಯಿಂದ ಮೊರ ಜಾರಿತು. ನಾನು ‘ಬಾರಮ್ಮಾ’ ಎಂದು ಕೈಚಾಚಿದೆ. ಪಲ್ಲವಿ ಎದ್ದಳು, ಗೆರೆಯ ಹತ್ತಿರ ಬಂದು ನಿಂತಳು. ದಾಟಲಿಲ್ಲ. ಗಂಡನ ಮುಖ ನೋಡಿದಳು. ಭಾಯಿ, ನಮ್ಮ ಮನೆಯ ಹುಡುಗಿ, ಬಾಣದ ತುದಿಗಳನ್ನು ಸಾಲು ಹಿಡಿಸಿ ಅರಮನೆ ಎಬ್ಬಿಸಿದವಳು, ಒಂದು ಹಿಡಿ ಸುಣ್ಣದ ಪುಡಿ ದಾಟಲು ಅಪ್ಪಣೆಗೆ ಕಾದಳು! ಬಸವರಾಜ ಹಲ್ಲಿನ ಸಂದಿಯಿಂದ ಅಡಿಕೆ ಚೂರು ಉಗಿದು, ‘ಹೋಗು. ಖಾತೆ ಮಾಡಿಸ್ಕೊಂಡು ಬಾ. ಸೈಟ್ ಇಲ್ದೆ ಬರಬ್ಯಾಡ’ ಎಂದ.

ಎಷ್ಟು ರಾಕ್ಷಸರ ಪಾತ್ರ ಮಾಡಿದವನು ನಾನು! ಎಷ್ಟು ಸಲ ನಿನ್ನ ಕಾಡಿನ ಪರದೆಯನ್ನು ಹರಿಯುವ ಹಾಗೆ ಗರ್ಜಿಸಿ ಒಳಗೆ ಬಂದವನು! ಅಲ್ಲಿ ನಿಜವಾದ ರಾಕ್ಷಸರು ಮೂವರು ಸಾಲಾಗಿ ನಿಂತಿದ್ದರು, ನಾನು ಅವರ ಕಾಲ ಬುಡದಲ್ಲೇ ನೆಲಕ್ಕೆ ಬಾಗಿದೆ. ಮೊರದಿಂದ ಚೆಲ್ಲಿದ ಬಳೆ, ಬಿಚ್ಚೋಲೆಗಳನ್ನು ಆರಿಸಿಕೊಂಡು, ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿಗೆ ನಡೆದೆವು.

ಈಗ ಅವಳು ಇಲ್ಲೇ ಇದ್ದಾಳೆ. ಊರಿನವರು ಕೇಳುವುದು ಒಂದೇ: ‘ಏನ್ಲಾ ಅಡವಿಯಪ್ಪ, ಸೈಟ್ ಮಾರಿದ್ಯಾ, ಮಗ್ಳು ವಾಪಸ್ ಬಂದವ್ಳಲ್ಲ?’ ಅವಳು ಅಂಗಳಕ್ಕೂ ಬರುವುದಿಲ್ಲ. ಬೆಳಗ್ಗೆ ಅವಳಮ್ಮ ಹೊಸಿಲಿಗೆ ರಂಗೋಲಿ ಎಳೆಯುವುದನ್ನು ನಿಲ್ಲಿಸಿದ್ದಾಳೆ. ಗೆರೆ ಕಂಡರೆ ಪಲ್ಲವಿ ನಿಂತುಬಿಡುತ್ತಾಳೆ.

ನಿನ್ನ ಪರದೆಯ ಫೋಟೋ ನನ್ನ ಟ್ರಂಕಿನಲ್ಲಿ ಭದ್ರವಾಗಿದೆ. ನಕಲು ಮಾಡಿಸಿ ಕಳಿಸುತ್ತೇನೆ, ಅಸ್ಫಿಯಾಗೆ ತೋರಿಸು. ನಿನ್ನ ಮಗಳು ಸಿದ್ರಾಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ. ಆ ಮಗು ಅಸ್ಫಿಯಾಗೆ ನೂರು ವರ್ಷ ಆಯಸ್ಸಾಗಲಿ, ಅವಳಿಗೆ ವರ ನೋಡುವ ದಿನ ಬಂದರೆ ಮನೆಯಲ್ಲಿ ಮಾತು ಕಡಿಮೆ ಇರುವ ಮನುಷ್ಯನನ್ನು ಕೂರಿಸಿ ಮಾತಾಡಿಸು. ನಿನ್ನ ಮೊಣಕಾಲಿಗೆ ಅಲ್ಲಾಹ್ ಬಲ ಕೊಡಲಿ, ಶಿವನೂ ಒಂದು ಕೈ ಹಚ್ಚಲಿ.

ನಿನ್ನ,
ಅಡವಿಯಪ್ಪ

ಮರೆತಿದ್ದೆ, ಈಗ ನೆನಪಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಕೈ ಬರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಸವರಾಜ ಪಾಸ್‌ವರ್ಡ್ ಪಡೆದ ಎಂದೆನಲ್ಲ, ಅವನು ಕೇಳಿದ ಕೂಡಲೇ ಪಲ್ಲವಿ ಕೊಡಲಿಲ್ಲ. ಬೈದ, ಕೊಡಲಿಲ್ಲ. ಊಟ ನಿಲ್ಲಿಸಿದರು, ಕೊಡಲಿಲ್ಲ. ಆಮೇಲೆ ಅವನು ಕೈ ಮಾಡಿದ. ಎಡಗಿವಿಯಿಂದ ರಕ್ತ ಕುತ್ತಿಗೆಗೆ ಇಳಿದ ಮೇಲೆ ಹೇಳಿದಳಂತೆ. ಇಲ್ಲಿಗೆ ಬಂದ ಮೇಲೆ ಕರೆದರೆ ಓಗೊಡುವುದಿಲ್ಲ, ದುಃಖಕ್ಕೆ ಹಾಗಿದ್ದಾಳೆ ಎಂದುಕೊಂಡಿದ್ದೆವು. ತುಮಕೂರಿನ ಡಾಕ್ಟರು ನೋಡಿ, ‘ಕಿವಿಯ ತಮಟೆ ಹರಿದು ಒಳಗೆಲ್ಲ ಕೀವಾಗಿ ಹೋಗಿದೆ. ಈ ಕಿವಿ ಇನ್ನು ಕೇಳೋದಿಲ್ಲ’ ಎಂದರು.

ನಾನು ಮನೆಗೆ ಬಂದು ಗೋಳಾಡಿದೆ. ‘ಹುಚ್ಚುಮುಂಡೇದೇ, ಪದಗಳೆಲ್ಲ ಟ್ರಂಕಲ್ಲಿ ಇದ್ವಲ್ಲೇ! ಕೇಳಿದ ತಕ್ಷಣ ಕೊಟ್ಟು ಬಿಸಾಡೋದಲ್ವಾ? ನನ್ನ ಸೈಟಿಗೋಸ್ಕರ ಕಿವಿ ಕಳ್ಕೊಂಡ್ಯಾ?’

ಅವಳು ನನ್ನನ್ನೇ ನೋಡಿದಳು. ಅಂಥ ನೋಟವನ್ನು ನಾನು ಯಾವ ರಂಗದ ಮೇಲೂ ಕಂಡಿಲ್ಲ.

‘ನಿನ್ ಪದ ಟ್ರಂಕಲ್ಲವೆ ಅಂತ ಗೊತ್ತಿತ್ತು ಕಣಪ್ಪಾ. ಆ ಸೈಟ್ ಕಟ್ಟಿದ್ದು ನಾನಲ್ವಾ.’

ಈ ಕಾಗದವನ್ನು ಮತ್ತೆ ಓದಿದೆ. ನನ್ನ ಸೈಟ್ ಎಂದು ಬರೆದ ಜಾಗಗಳನ್ನು ಹೊಡೆದುಹಾಕೋಣವೆಂದು ಪೆನ್ನು ಇಟ್ಟೆ, ಆಗಲಿಲ್ಲ. ಮೈಕ್ ಇಲ್ಲದೆ ಟೆಂಟಿನ ಕೊನೆಯ ಬೆಂಚಿಗೂ ಮಾತು ಮುಟ್ಟಿಸಿದವನು ನಾನು. ನಿನ್ನೆ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು, ‘ಹೊಸದೊಂದು ಕಟ್ಟಮ್ಮಾ, ನಿಂದೇ, ನಿನ್ನ ಹೆಸರಲ್ಲೇ’ ಎಂದೆ. ಎಡಗಡೆ ಕೂತುಬಿಟ್ಟಿದ್ದೆ. ಅವಳು ಕಲ್ಲು ಆರಿಸುತ್ತಲೇ ಇದ್ದಳು. ಎದ್ದು ಬಲಗಡೆಗೆ ಹೋಗಿ ಅದೇ ಮಾತನ್ನು ಮತ್ತೊಮ್ಮೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.